ಕಾರಿನ ರೇಡಿಯೋದಲ್ಲಿ ಆಜಿಯ ಧ್ವನಿ

ರೇಡಿಯೋ ರಿಪೇರಿ ಮಾಡುವವನ ಹತ್ತಿರ ಜನ ಕೆಟ್ಟ ರೇಡಿಯೋ ತರುತ್ತಾರೆ. ಆ ಬೇಸಿಗೆಯಲ್ಲಿ ಡಾಕ್ಟರಬಾಯಿಯವರು ತಂದದ್ದು ಚೆನ್ನಾಗಿ ಹಾಡುತ್ತಿದ್ದ ರೇಡಿಯೋ. ಅದೂ ಕಾರಿನೊಳಗೆ ಕೂತ ರೇಡಿಯೋ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೆಳಗಾವಿಯ ಕ್ಯಾಂಪಿನಲ್ಲಿ ಉಸ್ತಾದರ ಅಂಗಡಿಯಲ್ಲಿ ಕೆಲಸಕ್ಕಿದ್ದೆ.

ಡಾಕ್ಟರಬಾಯಿಯವರ ಮನೆ ಶಿವಬಸವ ನಗರದಲ್ಲಿ. ದವಾಖಾನೆ ಖಾನಾಪುರದಲ್ಲಿ. ತಂದೆಯ ಕಾಲದ ಹಳೆಯ ಅಂಬಾಸಡರ್ ಕಾರನ್ನು ತಾವೇ ಓಡಿಸಿಕೊಂಡು ದಿನಾ ಹೋಗಿ ಬರುತ್ತಿದ್ದರು. ವಾರಕ್ಕೊಮ್ಮೆ ಜಾಂಬೋಟಿ ಕಡೆಯ ಕಾಡಿನ ಸಣ್ಣ ಹಳ್ಳಿಗಳಾದ ವಾಡಿಗಳಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ಅವರು ಕೈಯಲ್ಲಿ ಇಟ್ಟಿಗೆಯಂಥ ಒಂದು ಕ್ಯಾಸೆಟ್ ರೆಕಾರ್ಡರ್ ಹಿಡಿದು ಅಂಗಡಿಯೊಳಗೆ ಬಂದರು.

"ನೋಡ್ರಿ, ಇದರಾಗ ನಾ ಮಾತಾಡಿದ್ದು ಐತಿ. ಇದರ ಸ್ಪೀಕರ್ ಸಣ್ಣದು. ವಾಡ್ಯಾಗ ಹಚ್ಚಿದ್ರ ಮುಂದ ಕುಂತ ನಾಲ್ಕು ಮಂದಿಗೆ ಕೇಳಿಸ್ತೈತಿ, ಹಿಂದಿನವರಿಗೆ ಕೋಳಿ ಕೂಗೂದ ಕೇಳಿಸ್ತೈತಿ. ಆದ್ರ ಕಾರಿನ ರೇಡಿಯೋ ಹಚ್ಚಿದ್ರ ಗುಡಿ ಕಟ್ಟಿತನಕ ಕೇಳಿಸ್ತೈತಿ. ಇದರೊಳಗಿನ ಮಾತು ಅದರ ಬಾಯಿಂದ ಬರಬೇಕು. ಆಗ್ತೈತೇನು?"

ಉಸ್ತಾದರು ಕಾರಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ರೇಡಿಯೋ ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂದದ್ದು. ಎರಡು ಗುಂಡಿ, ನಡುವೆ ಹಳದಿ ಬೆಳಕಿನ ಪಟ್ಟಿ. ಅದಕ್ಕೆ ಹೊರಗಿನಿಂದ ಏನನ್ನೂ ಜೋಡಿಸಲು ದಾರಿಯೇ ಇರಲಿಲ್ಲ. ಅದನ್ನು ಮಾಡಿದವರು ಹಾಗೊಂದು ದಾರಿ ಬೇಕಾದೀತೆಂದು ಯೋಚಿಸಿರಲೂ ಇಲ್ಲ.

"ಬಾಯಾರ, ಇದು ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರಿನ ಸೆಟ್ ಐತ್ರಿ," ಎಂದರು ಉಸ್ತಾದರು. "ಒಂದು ಸುಟ್ಟರ ಈ ಊರಾಗ ಸಿಗಂಗಿಲ್ಲ. ಮುಂಬೈಗೆ ಹೋದರೂ ಭರೋಸಾ ಇಲ್ಲ. ಹಾಡೋ ಹಕ್ಕಿ ಹೊಟ್ಟಿ ಕೊಯ್ಯೂದು ಬ್ಯಾಡ."

ಡಾಕ್ಟರಬಾಯಿಯವರು ಹೇಳಿದರು: "ಹೋದ ಮಳಿಗಾಲದಾಗ ಆ ವಾಡಿಗಳೊಳಗ ಕೂಸುಗಳು ಹೋದವ್ರಿ. ವಾಂತಿಭೇದಿ ಆದ ಕೂಸಿಗೆ ನೀರು ಕೊಡಬಾರದು ಅಂತ ಅವರು ತಿಳಕೊಂಡಾರ. ನೀರಿಲ್ಲದ ಹೋದವು. ಬೆಲ್ಲ, ಉಪ್ಪು, ಕಾಯಿಸಿ ಆರಿಸಿದ ನೀರು ಇಷ್ಟ ಸಾಕಿತ್ತು. ಜೂನ್ ತಿಂಗಳಾಗ ಮಿರಗದ ಮಳಿ ಹಿಡೀತು ಅಂದ್ರ ನನ್ನ ಕಾರು ಆ ಕಡೆ ಹೋಗಂಗಿಲ್ಲ. ಅದಕ್ಕೂ ಮೊದಲು ಎಲ್ಲಾ ವಾಡಿಗೂ ಈ ಮಾತು ಮುಟ್ಟಬೇಕು."

ನಾನು ಬೆಂಚಿನ ಹಿಂದಿನಿಂದ, "ನಾ ನೋಡ್ತೀನ್ರಿ," ಎಂದುಬಿಟ್ಟೆ. ಉಸ್ತಾದರು ನನ್ನತ್ತ ತಿರುಗಿ ನೋಡಿದರು. ಬೇಡ ಎನ್ನಲಿಲ್ಲ. "ಹುಷಾರ್," ಎಂದಷ್ಟೇ ಹೇಳಿ ಒಳಗೆ ಹೋದರು.

ಅಂಗಡಿ ರಜೆಯ ದಿನ ಡಾಕ್ಟರಬಾಯಿಯವರ ಮನೆಯ ಹೊಂಗೆ ಮರದ ನೆರಳಲ್ಲಿ ಕಾರು ನಿಲ್ಲಿಸಿಕೊಂಡು ಕೆಲಸ ಶುರು ಮಾಡಿದೆ. ಅವರದು ಎರಡೇ ಷರತ್ತು. ಡ್ಯಾಶ್‌ಬೋರ್ಡಿಗೆ ಹೊಸ ತೂತು ಬೀಳಬಾರದು, ರೇಡಿಯೋ ಮೊದಲಿನಂತೆಯೇ ಹಾಡುತ್ತಿರಬೇಕು. ಮೊದಲು ಬ್ಯಾಟರಿಯ ತಂತಿ ಕಳಚಿದೆ. ಗುಂಡಿಗಳನ್ನು ಎಳೆದು ತೆಗೆದು, ಅವುಗಳ ಹಿಂದಿನ ನಟ್ಟು ಬಿಚ್ಚಿದೆ. ಆಮೇಲೆ ಬೆನ್ನು ಕೆಳಗೆ ಮಾಡಿ ಕಾರಿನ ನೆಲದ ಮೇಲೆ ಮಲಗಿ, ಕ್ಲಚ್ ಪೆಡಲಿನ ಪಕ್ಕದಲ್ಲಿ ತಲೆ ತೂರಿಸಿ, ಹಿಂದಿನ ಪಟ್ಟಿಯ ಬೋಲ್ಟು ಸಡಿಲಿಸಿದೆ. ಎಷ್ಟೋ ವರ್ಷದ ಧೂಳು ಕಣ್ಣಿಗೇ ಸುರಿಯಿತು. ರೇಡಿಯೋ ಕೊನೆಗೆ ಎದೆಯ ಮೇಲೆ ಬಂದು ಕೂತಾಗ ಅದರ ಭಾರಕ್ಕೆ ಅಚ್ಚರಿಯಾಯಿತು.

ಅದನ್ನು ಅಂಗಡಿಗೆ ಒಯ್ದು ತಗಡಿನ ಮುಚ್ಚಳ ತೆಗೆದೆ. ನಕ್ಷೆ ಇರಲಿಲ್ಲ. ಆದರೆ ಯಾವ ರೇಡಿಯೋ ಆದರೂ ಅದರಲ್ಲಿ ಎರಡು ಭಾಗ. ಗಾಳಿಯಲ್ಲಿನ ಅಲೆಗಳನ್ನು ಹಿಡಿದು ಅದರಿಂದ ಮಾತು ಬೇರೆ ಮಾಡುವುದು ಮೊದಲ ಭಾಗ. ಆ ಸಣ್ಣ ಮಾತನ್ನು ದೊಡ್ಡದು ಮಾಡುವುದು ಎರಡನೆಯ ಭಾಗ. ಎರಡರ ನಡುವಿನ ಬಾಗಿಲೇ ವಾಲ್ಯೂಮ್ ಗುಂಡಿ. ಅದರ ಬೆನ್ನಿಗೆ ಮೂರು ಕಾಲು ಇರುತ್ತವೆ. ಬ್ಯಾಟರಿ ಜೋಡಿಸಿ ಸ್ಕ್ರೂಡ್ರೈವರಿನ ಲೋಹಕ್ಕೆ ಬೆರಳು ಹಚ್ಚಿ ಒಂದೊಂದೇ ಕಾಲನ್ನು ಮುಟ್ಟುತ್ತ ಹೋದೆ. ಒಂದು ಕಾಲಿಗೆ ಸದ್ದಿಲ್ಲ. ಅದು ರೇಡಿಯೋದ ತಗಡಿಗೆ ಸೇರಿದ್ದು. ನಡುವಿನದನ್ನು ಮುಟ್ಟಿದಾಗ ಗುಂಯ್ ಎಂದಿತು, ಗುಂಡಿ ಪೂರ್ತಿ ಇಳಿಸಿದರೆ ಮಾತ್ರ ಸುಮ್ಮನಾಯಿತು. ಮೂರನೆಯದರ ಗುಂಯ್ ಸದ್ದು ಗುಂಡಿ ತಿರುಗಿಸಿದಂತೆಲ್ಲ ಒಂದೇ ಸಮ ಏರಿ ಇಳಿಯಿತು. ಮಾತು ಒಳಗೆ ಬರುವ ಜಾಗ ಅದೇ.

ಅಲ್ಲಿಗೆ ಬರುತ್ತಿದ್ದ ತಂತಿಯನ್ನು ಬಿಚ್ಚಿ, ನಡುವೆ ಒಂದು ಇಯರ್‌ಫೋನ್ ಸಾಕೆಟ್ ಕೂರಿಸಿದೆ. ಕೆಟ್ಟ ಟ್ರಾನ್ಸಿಸ್ಟರೊಂದರಿಂದ ತೆಗೆದದ್ದು. ಆ ಸಾಕೆಟ್ಟಿನ ಒಳಗೆ ಒಂದು ಸಣ್ಣ ಹಿತ್ತಾಳೆಯ ನಾಲಿಗೆ ಇರುತ್ತದೆ. ಪಿನ್ನು ಹಾಕದಿದ್ದಾಗ ರೇಡಿಯೋದ ಮಾತು ಆ ನಾಲಿಗೆಯ ಮೂಲಕ ಎಂದಿನಂತೆ ಹೋಗುತ್ತದೆ. ಪಿನ್ನು ತೂರಿಸಿದರೆ ನಾಲಿಗೆ ಸರಿದು ರೇಡಿಯೋದ ಮಾತು ಕಡಿದು, ಪಿನ್ನಿನಿಂದ ಬಂದ ಮಾತು ಒಳಗೆ ಹೋಗುತ್ತದೆ. ಬೇರೆ ಸ್ವಿಚ್ಚು ಬೇಕಿಲ್ಲ, ತೂತೂ ಬೇಕಿಲ್ಲ. ಸಾಕೆಟ್ಟನ್ನು ಡ್ಯಾಶ್‌ಬೋರ್ಡಿನ ಸಾಮಾನಿನ ಗೂಡಿನೊಳಗೆ ಕೂರಿಸಿದರಾಯಿತು. ಗುಂಯ್ ಸದ್ದು ಸೇರಬಾರದೆಂದು ಸುತ್ತ ತಾಮ್ರದ ಬಲೆಯಿರುವ ತಂತಿ ಬಳಸಿದೆ.

ಬೆಂಚಿನ ಮೇಲೆ ರೆಕಾರ್ಡರ್ ಜೋಡಿಸಿ ಹಚ್ಚಿದಾಗ ಡಾಕ್ಟರಬಾಯಿಯವರ ಧ್ವನಿ ಸ್ಪೀಕರಿನಿಂದ ದಪ್ಪವಾಗಿ, ಸ್ಪಷ್ಟವಾಗಿ ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ನಿಂತು ಯಾರು ಭಾಷಣ ಮಾಡುತ್ತಿದ್ದಾರೆಂದು ಒಳಗೆ ಇಣುಕಿದ. ಉಸ್ತಾದರು ಎದ್ದು ಬಂದು ನನ್ನ ಬೆಸುಗೆಗಳನ್ನು ಕನ್ನಡಕ ಏರಿಸಿಕೊಂಡು ನೋಡಿ ಹೋದರು.

ತೊಂದರೆ ಬಂದದ್ದು ಕಾರಿಗೆ ಮರಳಿ ಕೂರಿಸಿದ ಮೇಲೆ. ರೆಕಾರ್ಡರ್ ಅಲ್ಲಿಯವರೆಗೆ ತನ್ನ ಸೆಲ್ಲಿನ ಮೇಲೆ ನಡೆದಿತ್ತು. ಸೆಲ್ಲು ಇಳಿದರೆ ಕ್ಯಾಸೆಟ್ಟು ನಿಧಾನವಾಗಿ ಮಾತು ಎಳೆಯುತ್ತದೆ. ಕಾಡಿನ ನಡುವೆ ಹೊಸ ಸೆಲ್ಲು ಎಲ್ಲಿ ಹುಡುಕುವುದು? ಅದಕ್ಕಾಗಿ ಕಾರಿನ ಬ್ಯಾಟರಿಯಿಂದಲೇ ರೆಕಾರ್ಡರಿಗೆ ಕರೆಂಟ್ ಕೊಡಲು ಒಂದು ಚಿಕ್ಕ ಪೆಟ್ಟಿಗೆ ಮಾಡಿದ್ದೆ. ಹನ್ನೆರಡು ವೋಲ್ಟನ್ನು ಆರಕ್ಕೆ ಇಳಿಸುವ ಪೆಟ್ಟಿಗೆ. ಮೊದಲು ಕರೆಂಟಿನ ತಂತಿ ಜೋಡಿಸಿದೆ, ರೆಕಾರ್ಡರ್ ತಿರುಗಿತು. ಆಮೇಲೆ ಮಾತಿನ ಪಿನ್ನು ಸಾಕೆಟ್ಟಿಗೆ ತೂರಿಸಿದೆ. ಟಪ್ ಎಂದಿತು. ಪ್ಲಾಸ್ಟಿಕ್ ಸುಟ್ಟ ವಾಸನೆ, ತೆಳು ಹೊಗೆ.

ಬ್ಯಾಟರಿಯ ತಂತಿ ಕಿತ್ತು ಹಾಕಿ ಕಾರಿನ ಬಾಗಿಲ ಅಂಚಿನ ಮೇಲೆ ಕೂತುಬಿಟ್ಟೆ. ಉಸ್ತಾದರ ಹಕ್ಕಿಯ ಮಾತು ನೆನಪಾಯಿತು. ಡಾಕ್ಟರಬಾಯಿಯವರು ಹೊರಗೆ ಬಂದು ವಾಸನೆ ನೋಡಿದರು.

"ರೇಡಿಯೋ ಹೋತೇನು?"

"ಗೊತ್ತಿಲ್ರಿ ಬಾಯಾರ. ನೋಡ್ಬೇಕು."

"ನೋಡ್ರಿ ಹಂಗಾರ. ಗಾಬರಿ ಆಗಬ್ಯಾಡ್ರಿ. ಮದ್ಲ ನಾಡಿ ನೋಡೂಣು," ಎಂದು ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು.

ನಾಡಿ ನೋಡಿದಂತೆಯೇ ಮೀಟರು ಹಿಡಿದು ಒಂದೊಂದೇ ಕಡೆ ನೋಡಿದೆ. ಹೋದದ್ದು ಫ್ಯೂಸು, ಸುಟ್ಟದ್ದು ನನ್ನ ತಂತಿಯ ಬಲೆ. ಹೊಸ ಫ್ಯೂಸು ಹಾಕಿ, ಪಿನ್ನು ತೆಗೆದು ಗುಂಡಿ ತಿರುಗಿಸಿದಾಗ ಧಾರವಾಡ ಕೇಂದ್ರ ಬಂತು. ನನಗೆ ಜೀವ ಬಂತು.

ಕಾರಣವೂ ತಿಳಿಯಿತು. ಆ ಹಳೆಯ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ಬದಿಯನ್ನು ಕಾರಿನ ತಗಡಿನ ಮೈಗೆ ಜೋಡಿಸಿದ್ದರು. ಆಮೇಲೆ ಬಂದ ಕಾರುಗಳಲ್ಲಿ ಅದು ತಿರುವುಮುರುವು. ರೇಡಿಯೋದ ತಗಡೂ ಪ್ಲಸ್. ರೆಕಾರ್ಡರಿನ ಪಿನ್ನಿನ ಹೊರಬಳೆ ಮಾತ್ರ ಮೈನಸ್. ಸೆಲ್ಲಿನ ಮೇಲೆ ಇದ್ದಾಗ ರೆಕಾರ್ಡರಿಗೂ ಕಾರಿಗೂ ಬೇರೆ ಸಂಬಂಧ ಇರದ್ದರಿಂದ ನಡೆಯಿತು. ಎರಡಕ್ಕೂ ಒಂದೇ ಬ್ಯಾಟರಿ ಆದೊಡನೆ ಪ್ಲಸ್ಸು ಮೈನಸ್ಸು ನನ್ನ ತಂತಿಯ ಬಲೆಯಲ್ಲಿ ನೇರವಾಗಿ ಕೂಡಿದ್ದವು.

"ಹಂಗಾರ ಸೆಲ್ಲಿನ ಮ್ಯಾಲೆ ನಡಸೂಣು ಬಿಡ್ರಿ," ಎಂದರು ಡಾಕ್ಟರಬಾಯಿ.

"ಸೆಲ್ಲು ಇಳಿದ್ರ ನಿಮ್ಮ ಧ್ವನಿ ಗಂಡಸಿನ ಧ್ವನಿ ಆಗ್ತೈತ್ರಿ," ಎಂದೆ. ಅವರು ನಕ್ಕರು. ನಾನೂ ನಕ್ಕೆ. ಆದರೆ ದಾರಿ ಕಾಣಲಿಲ್ಲ. ಕಾರಿನ ಬ್ಯಾಟರಿಯನ್ನೇ ತಿರುವಿ ಹಾಕಿದರೆ ರೇಡಿಯೋ ಖಂಡಿತ ಸುಡುತ್ತಿತ್ತು.

ಎರಡು ದಿನ ಬೇರೆ ಕೆಲಸ ಮಾಡುತ್ತಲೇ ಅದನ್ನೇ ಯೋಚಿಸಿದೆ. ತಂತಿಗೆ ತಂತಿ ಮುಟ್ಟದೆ ಮಾತು ಮಾತ್ರ ದಾಟಬೇಕು. ಹಾಗೆ ದಾಟಿಸುವ ವಸ್ತು ನಾನು ದಿನಾ ಕೈಯಲ್ಲಿ ಹಿಡಿಯುತ್ತಿದ್ದ ಪ್ರತಿ ಚಿಕ್ಕ ಟ್ರಾನ್ಸಿಸ್ಟರಿನೊಳಗೂ ಇತ್ತು. ನೆಲ್ಲಿಕಾಯಿ ಗಾತ್ರದ ಟ್ರಾನ್ಸ್‌ಫಾರ್ಮರ್. ಒಳಗೆ ಎರಡು ಸುರುಳಿ, ಒಂದಕ್ಕೊಂದು ಮುಟ್ಟಿರುವುದಿಲ್ಲ. ಒಂದರಲ್ಲಿ ಹುಟ್ಟಿದ ನಡುಕ ಕಬ್ಬಿಣದ ಮೂಲಕ ಇನ್ನೊಂದಕ್ಕೆ ಹೋಗುತ್ತದೆ. ಕಾರಿನ ಪ್ಲಸ್ಸು ಆ ಕಡೆ, ರೆಕಾರ್ಡರಿನ ಮೈನಸ್ಸು ಈ ಕಡೆ, ಜಗಳವಿಲ್ಲ.

ಗುಜರಿ ಬುಟ್ಟಿಯ ಮುಂದೆ ಕೂತು ಹುಡುಕುತ್ತಿದ್ದಾಗ ಉಸ್ತಾದರು ಪಕ್ಕ ಬಂದು ಕೂತರು. ನಾನು ಏನು ಹುಡುಕುತ್ತಿದ್ದೇನೆಂದು ಕೇಳಿ, ನಾನು ತೆಗೆದಿಟ್ಟದ್ದನ್ನು ಬದಿಗೆ ಸರಿಸಿ, ತಾವೇ ಬೇರೊಂದನ್ನು ಆರಿಸಿ ಅಂಗೈ ಮೇಲೆ ಇಟ್ಟರು.

"ಇದು ತೊಗೋ. ಇದರ ಸುತ್ತು ಛಲೋ ಐತಿ. ಸಾಕೆಟ್ಟಿಗೂ ಕಾರಿನ ತಗಡು ಹತ್ತಬಾರದು, ನಡುವೆ ರಬ್ಬರ್ ಹಾಕು."

ಅಷ್ಟು ಮಾಡಿದ ಮೇಲೆ ಕೆಲಸ ಆಯಿತು. ಎಂಜಿನ್ ಓಡುತ್ತಿದ್ದರೂ ಮಾತು ಸ್ವಚ್ಛವಾಗಿ ಬಂತು. ಕಾರಿನ ಸ್ಪೀಕರಿನ ಬದಲು ಕಿಟಕಿಗೆ ತೂಗುಹಾಕುವಂತೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಇನ್ನೊಂದು ಸ್ಪೀಕರ್ ಕೂರಿಸಿ ಉದ್ದ ತಂತಿ ಕೊಟ್ಟೆ. "ನೀವೂ ಬರ್ರಿ. ಕಾಡಿನಾಗ ಕೈಕೊಟ್ರ ನಾ ಏನ್ ಮಾಡ್ಲಿ?" ಎಂದು ಡಾಕ್ಟರಬಾಯಿಯವರು ನನ್ನನ್ನೂ ಕರೆದುಕೊಂಡು ಹೊರಟರು.

ಖಾನಾಪುರ ದಾಟಿ, ಕೆಂಪು ಮಣ್ಣಿನ ದಾರಿಯಲ್ಲಿ ತುಸು ದೂರ ಹೋದರೆ ಮೊದಲ ವಾಡಿ. ಬೇಲಿಯ ಮೇಲೆ ಕವಳಿ ಹಣ್ಣು ಕಪ್ಪಾಗಿದ್ದವು. ಕಾರು ನಿಂತಿದ್ದೇ ಹೆಂಗಸರು ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ಬಂದರು. ನಾನು ಪೆಟ್ಟಿಗೆ ತೂಗುಹಾಕಿ ಗುಂಡಿ ಒತ್ತಿದೆ. ಡಾಕ್ಟರಬಾಯಿಯವರ ಮರಾಠಿ ಗಟ್ಟಿಯಾಗಿ ಕೇಳತೊಡಗಿತು. ಒಂದೇ ಒಂದು ಗುಂಯ್ ಸದ್ದು ಇಲ್ಲ. ನನಗೆ ಹೆಮ್ಮೆ.

ಆದರೆ ಹೆಂಗಸರು ನಗತೊಡಗಿದರು. ಡಾಕ್ಟರಬಾಯಿ ಬಾಯಿ ಮುಚ್ಚಿಕೊಂಡು ಎದುರಿಗೇ ನಿಂತಿದ್ದಾರೆ, ಅವರ ಧ್ವನಿ ಕಾರಿನಿಂದ ಬರುತ್ತಿದೆ. ಮೇಲಾಗಿ ಅದು ಪುಸ್ತಕದ ಮರಾಠಿ, ಅವರು ಮನೆಯಲ್ಲಿ ಆಡುವ ಮರಾಠಿ ಅಲ್ಲ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಕೆಲಸದ ನೆಪ ಹೇಳಿ ಸರಿದರು. ಕೊನೆಗೆ ಉಳಿದದ್ದು ಒಬ್ಬ ಆಜಿ. ಸುತ್ತಲಿನ ವಾಡಿಗಳಲ್ಲಿ ಹೆರಿಗೆ ಮಾಡಿಸುವ ಮುದುಕಿ. ಆ ಊರಿನ ಅರ್ಧ ಜನ ಆಕೆಯ ಕೈಯಲ್ಲೇ ಹುಟ್ಟಿದವರು. ಮರಾಠಿಯಂತೆಯೇ ಕನ್ನಡವನ್ನೂ ಮಾತಾಡುತ್ತಿದ್ದಳು.

"ಬಾಯಿ, ನಿಮ್ಮ ಗಾಡಿ ಛಂದ ಮಾತಾಡ್ತೈತಿ," ಎಂದಳು ಆಜಿ. "ಆದ್ರ ಹೊಟ್ಟಿ ಹರಿಯೋ ಪೋರಗ ನೀರು ಕೊಟ್ರ ಇನ್ನೂ ಹರಿತೈತಿ. ಒಡಕ ಮಡಿಕ್ಯಾಗ ನೀರು ಹಾಕ್ದಂಗ. ನಾ ಇದನ್ನ ಯಾರಿಗೂ ಹೇಳಾಕಿ ಅಲ್ಲ."

ಡಾಕ್ಟರಬಾಯಿಯವರು ವಾದಿಸಿದರು. ಆಜಿ ತಲೆ ಅಲ್ಲಾಡಿಸಿದಳು. ಇದು ಅವರಿಬ್ಬರ ನಡುವೆ ಮೊದಲ ಸಲದ ಮಾತಲ್ಲವೆಂದು ನನಗೆ ತಿಳಿಯಿತು.

ನನ್ನ ಕೈಯಲ್ಲಿ ಇನ್ನೊಂದು ಕೆಲಸವಿತ್ತು. ಕುಲುಕಾಟದ ದಾರಿಯಲ್ಲಿ ಬಂದಮೇಲೆ ರೆಕಾರ್ಡರ್ ಸರಿಯಾಗಿ ಧ್ವನಿ ಹಿಡಿಯುತ್ತಿದೆಯೇ ಎಂದು ನೋಡಬೇಕಿತ್ತು. ಟೇಪನ್ನು ಕೊನೆಯ ಖಾಲಿ ಜಾಗಕ್ಕೆ ಓಡಿಸಿ, ಮೈಕನ್ನು ಆಜಿಯ ಮುಂದೆ ಹಿಡಿದು, "ಆಜಿ, ಏನರ ಮಾತಾಡ್ರಿ," ಎಂದೆ.

"ನಾ ಏನ್ ಮಾತಾಡ್ಲಿ?"

ಎದುರಿನ ಕೊಟ್ಟಿಗೆಯಲ್ಲಿ ಒಂದು ಕರು ಕಟ್ಟಿತ್ತು. "ಆ ಕರುವಿನ ಬಗ್ಗೆ ಹೇಳ್ರಿ," ಎಂದೆ.

ಆಜಿ ತನ್ನ ವಾಡಿಯ ಮರಾಠಿಯಲ್ಲೇ ಶುರು ಮಾಡಿದಳು. ಆ ಕರು ಹುಟ್ಟಿದ್ದು ಸಂಕ್ರಾಂತಿಯ ಆಸುಪಾಸು. ಅದರ ತಾಯಿ ಒದೆಯುತ್ತಿತ್ತು. ಆಮೇಲೆ ಕರುವಿಗೆ ಭೇದಿ ಹತ್ತಿ ಕಣ್ಣು ಒಳಗೆ ಹೋಗಿ ಕಿವಿ ತಣ್ಣಗಾಗಿದ್ದವು. ಸತ್ತೇ ಹೋಯಿತೆಂದು ಎಲ್ಲರೂ ಬಿಟ್ಟಿದ್ದರು. ತಾನು ಬೆಲ್ಲ ಮತ್ತು ಉಪ್ಪು ಕಲಸಿದ ನೀರನ್ನು ಬಿದಿರಿನ ಕೊಳವೆಯಿಂದ ದಿನವೆಲ್ಲ ಗುಟುಕು ಗುಟುಕು ಕುಡಿಸಿದ ಮೇಲೆ ಎದ್ದು ನಿಂತಿತು.

ನಾನು ಟೇಪು ಹಿಂದಕ್ಕೆ ತಿರುಗಿಸಿ ಹಚ್ಚಿದೆ. ಕಾರಿನಿಂದ ತನ್ನದೇ ಧ್ವನಿ ಬಂದಾಗ ಆಜಿ "ಅಗ ಬಾಯಿ!" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಸರಿದು ಹೋಗಿದ್ದ ಹೆಂಗಸರು ಮನೆಗಳಿಂದ ಓಡಿ ಬಂದರು. ಯಾರೂ ನಗಲಿಲ್ಲ. ಕರುವಿನ ಕಥೆಯನ್ನು ಕೊನೆಯ ತನಕ ನಿಂತು ಕೇಳಿದರು.

ಡಾಕ್ಟರಬಾಯಿಯವರು ಮಾತ್ರ ಆಜಿಯ ಮುಖ ನೋಡುತ್ತಿದ್ದರು. ಟೇಪು ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಆಜಿ, ಕರುವಿನ ಮಡಿಕಿ ಒಡದಿರಲಿಲ್ಲೇನು?"

ಆಜಿ ಕೊಟ್ಟಿಗೆಯ ಕರುವಿನತ್ತ ನೋಡಿದಳು. "ಕರು ಬ್ಯಾರೆ, ಕೂಸು ಬ್ಯಾರೆ," ಎಂದು ಎದ್ದು ಹೋದಳು. ಆದರೆ ಆಕೆಯ ಧ್ವನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಮುಂದಿನ ವಾರ ದವಾಖಾನೆಗೆ ಆ ವಾಡಿಯಿಂದ ಆಜಿಯೇ ಹೇಳಿ ಕಳಿಸಿದಳು. ನೆರೆಮನೆಯ ಕೂಸಿಗೆ ಬೆಳಗಿನಿಂದ ವಾಂತಿಭೇದಿ. ನಾನು ಅಂದು ಸ್ಪೀಕರಿನ ತಂತಿ ಸರಿಮಾಡಲು ಖಾನಾಪುರಕ್ಕೆ ಬಂದಿದ್ದವನು ಅವರ ಜೊತೆ ಹೋದೆ. ಕೂಸಿನ ಕಣ್ಣು ಗುಳಿ ಬಿದ್ದಿದ್ದವು. ಅಳುತ್ತಿತ್ತು, ಕಣ್ಣೀರಿರಲಿಲ್ಲ. ಡಾಕ್ಟರಬಾಯಿಯವರು ನಾಡಿ ನೋಡಿ, ಇನ್ನೂ ಬಾಯಿಂದ ಕುಡಿಯಬಲ್ಲದು ಎಂದರು. ಸೂಜಿ, ಸಲೈನ್ ಬಾಟಲಿ ಎಲ್ಲ ತೆಗೆದು ಪಕ್ಕಕ್ಕೆ ಸಿದ್ಧವಾಗಿಟ್ಟರು. ಆದರೆ ಚಮಚವನ್ನು ಆಜಿಯ ಕೈಗೆ ಕೊಟ್ಟರು.

"ನೀವ ಕುಡಸ್ರಿ ಆಜಿ. ನಾ ಬಾಜೂಕ ಕುಂದರ್ತೀನಿ. ಕೂಸು ಕುಡೀಲಿಲ್ಲಂದ್ರ ಸೂಜಿ ಐತಿ."

ಕಾಯಿಸಿ ಆರಿಸಿದ ನೀರು, ಬೆಲ್ಲ, ಉಪ್ಪು. ಆಜಿ ಕಲಸಿ, ಮೊದಲು ತಾನೇ ನಾಲಿಗೆಗೆ ಹಚ್ಚಿ ನೋಡಿದಳು. ಮೊದಲ ಚಮಚವನ್ನು ಕೂಸು ವಾಂತಿ ಮಾಡಿತು. ಆಜಿ ಡಾಕ್ಟರಬಾಯಿಯವರನ್ನು ನೋಡಿದಳು. "ಸ್ವಲ್ಪ ತಡದು ಮತ್ತ ಕೊಡ್ರಿ. ಸಾವಕಾಶ," ಎಂದರು ಅವರು. ಮತ್ತೊಂದು ಚಮಚ. ತಡೆದು ಇನ್ನೊಂದು. ನಾನು ಅಂಗಳದಲ್ಲಿ ಹಲಸಿನ ಮರದ ಕೆಳಗೆ ಕೂತಿದ್ದೆ. ತಂತಿ, ಬೆಸುಗೆ ಯಾವುದೂ ಅಲ್ಲಿ ಉಪಯೋಗಕ್ಕಿರಲಿಲ್ಲ. ಮಧ್ಯಾಹ್ನ ಪೂರ್ತಿ ಆ ಇಬ್ಬರು ಹೆಂಗಸರು ಒಂದೇ ಕೂಸಿನ ಮೇಲೆ ಬಗ್ಗಿ ಕೂತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಆಜಿಯ ನಗು ಕೇಳಿಸಿತು. ಕೂಸು ಆಕೆಯ ಸೀರೆಯ ಮೇಲೆ ಉಚ್ಚೆ ಹೊಯ್ದಿತ್ತು.

"ನೀರು ನಿಂತೈತ್ರಿ ಬಾಯಿ! ಒಳಗ ನೀರು ನಿಂತೈತಿ!" ಎಂದು ಆಜಿ ಹಸಿ ಸೀರೆಯನ್ನು ಎತ್ತಿ ತೋರಿಸುತ್ತಿದ್ದಳು. ಡಾಕ್ಟರಬಾಯಿಯವರು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಸೂಜಿಯನ್ನು ಮರಳಿ ಪೆಟ್ಟಿಗೆಯೊಳಗೆ ಇಟ್ಟರು.

ಅಂದೇ, ಅದೇ ಅಂಗಳದಲ್ಲಿ, ಡಾಕ್ಟರಬಾಯಿಯವರು ನನಗೆ ಹೇಳಿದರು: "ನನ್ನ ಮಾತು ಅಳಿಸಿಬಿಡ್ರಿ. ಅದರ ಮ್ಯಾಲೆ ಆಜಿ ಮಾತು ತುಂಬ್ರಿ." ವಾರಗಟ್ಟಲೆ ಬರೆದು, ತಿದ್ದಿ, ಮಾತಾಡಿ ತುಂಬಿಸಿದ ಟೇಪದು. "ಎರಡನ್ನೂ ಇಡೂಣಲ್ರಿ," ಎಂದೆ. "ಬ್ಯಾಡ. ಕೇಳೋರಿಗೆ ಒಂದ ಮಾತು ಸಾಕು," ಎಂದರು.

ಆಜಿ ಮೈಕಿನ ಮುಂದೆ ಕೂತಳು. ಭಾಷಣ ಮಾಡಲಿಲ್ಲ. ಮೊದಲು ಕರುವಿನ ಕಥೆ, ಆಮೇಲೆ ಕೂಸಿನ ಕಥೆ. ಎಷ್ಟು ನೀರಿಗೆ ಎಷ್ಟು ಬೆಲ್ಲ, ಎಷ್ಟು ಉಪ್ಪು ಎಂದು ಡಾಕ್ಟರಬಾಯಿಯವರು ಅಳತೆ ಮಾಡಿ ತೋರಿಸಿದ್ದನ್ನು ತನ್ನ ಮಾತಿನಲ್ಲಿ ಹೇಳಿ, ಕೊನೆಗೆ, "ನಾಲಿಗಿಗೆ ಹಚ್ಚಿ ನೋಡ್ರಿ, ಕಣ್ಣೀರಿಗಿಂತ ಉಪ್ಪು ಆಗಬಾರದು," ಎಂದಳು. ರೆಕಾರ್ಡರಿಗೆ ಜೋಡಿಸಿದ್ದ ನನ್ನ ಮೀಟರಿನ ಮುಳ್ಳು ಆಕೆಯ ಮಾತಿಗೆ ತಕ್ಕಂತೆ ಏಳುತ್ತ ಬೀಳುತ್ತ ಇತ್ತು.

ಮಿರಗದ ಮಳೆಗೆ ಇನ್ನು ಕೆಲವೇ ದಿನ ಉಳಿದಿದ್ದವು. ದಿನಾ ಒಂದೆರಡು ವಾಡಿ ಮಾಡಿದೆವು. ಆಜಿ ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಕಾರು ಹತ್ತಿದ್ದೇ ಅದು ಮೊದಲ ಸಲವಂತೆ. ಎರಡನೆಯ ದಿನಕ್ಕೆ ಬಾಗಿಲನ್ನು ತಾನೇ ದಬ್ ಎಂದು ಹಾಕಿಕೊಳ್ಳುವಷ್ಟು ರೂಢಿಯಾಯಿತು. ಟೇಪು ತಿರುಗುವಾಗ ತನ್ನ ಮಾತಿಗೆ ತಾನೇ ತಲೆದೂಗುತ್ತಿದ್ದಳು. ಕೆಲವೊಮ್ಮೆ, "ಇಲ್ಲಿ ಇನ್ನೊಂದು ಮಾತು ಹೇಳಬೇಕಿತ್ತು ಮಿಸ್ತ್ರಿ," ಎಂದು ನನ್ನನ್ನು ಬೈಯುತ್ತಿದ್ದಳು.

ಕೊನೆಯ ವಾಡಿ ಘಟ್ಟದ ಅಂಚಿನಲ್ಲಿತ್ತು. ನಾವು ಮುಟ್ಟುವಷ್ಟರಲ್ಲಿ ಪಶ್ಚಿಮಕ್ಕೆ ಮೋಡ ಕಟ್ಟಿ ಗಾಳಿ ತಣ್ಣಗಾಗಿತ್ತು. ಅಲ್ಲಿಯವರಿಗೆ ಆಜಿಯ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಜನ ಕಾರಿನ ಎಡಗಡೆ ತೂಗುಹಾಕಿದ್ದ ಪೆಟ್ಟಿಗೆಯ ಮುಂದೆ ಸೇರಿದರು. ಟೇಪು ಮುಗಿಯಿತು. ನಾನು ಗುಂಡಿ ಒತ್ತಿ ನಿಲ್ಲಿಸಿದೆ.

ತೀರಾ ಎಳೆಯ ಕೂಸನ್ನು ಎದೆಗೆ ಒತ್ತಿಕೊಂಡಿದ್ದ ಒಬ್ಬ ಹೆಣ್ಣುಮಗಳು ಮುಂದೆ ಬಂದಳು. ಪೆಟ್ಟಿಗೆಗೆ ಬಾಯಿ ಹತ್ತಿರ ತಂದು, ಅದನ್ನೇ ಕೇಳಿದಳು: "ಆಜಿ, ಇಷ್ಟು ಸಣ್ಣ ಕೂಸಿಗಾದ್ರ?"

ಕಾರಿನ ಕಿಟಕಿಯಿಂದ, ಆ ಪೆಟ್ಟಿಗೆಯ ಮೇಲಿನಿಂದಲೇ, ಆಜಿ ತಲೆ ಹೊರಗೆ ಹಾಕಿದಳು.

"ಮದ್ಲ ಹಾಲು ಬಿಡಿಸಬ್ಯಾಡ ಮಗಳ," ಎಂದಳು. "ಇಲ್ಲಿ ಬಾ, ತೋರಿಸ್ತೀನಿ."